ಕಾಡತೂಸಿನ ಎಣ್ಣೆಸ್ನಾನ

ಬಂದೂಕಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ನಂಬಿದ್ದ ಕಾಲ ಒಂದಿತ್ತು. ಆಗ ನನಗೆ ಮೂವತ್ತೆರಡು ವರ್ಷ. ಹನುಮಸಾಗರದ ಹತ್ತಿರದ ಒಂದು ಹಳ್ಳಿಗೆ ನಾನು ಪೊಲೀಸ್ ಪಾಟೀಲ. ನಿಜಾಮ ಸರಕಾರದ ಹುದ್ದೆ, ತಲೆಯ ಮೇಲೆ ರುಮಾಲು, ಗೋಡೆಯ ಮೇಲೆ ಅಪ್ಪ ಬಿಟ್ಟುಹೋದ ರೈಫಲ್ಲು, ಅದಕ್ಕೆ ಉರ್ದುವಿನಲ್ಲಿ ಬರೆದ ಪರವಾನಗಿ. ಅಪ್ಪ ಆ ರೈಫಲ್ಲಿನಿಂದ ಹಂದಿ ಹೊಡೆಯುತ್ತಿದ್ದ. ನಾನು ಅದನ್ನು ಒರೆಸುತ್ತಿದ್ದೆ. ವ್ಯತ್ಯಾಸ ಇಷ್ಟೇ!

ಆ ವರ್ಷ ಕಚೇರಿಯ ಕೆಲಸಕ್ಕೆ ರಾಯಚೂರಿಗೆ ಹೋದಾಗ ಬಂದೂಕಿನ ಅಂಗಡಿಯೊಂದರಲ್ಲಿ ಹೊಸ ಕಾಡತೂಸಿನ ಜಾಹೀರಾತು ನೇತಾಡುತ್ತಿತ್ತು. ಟೊಪ್ಪಿಗೆಯ ಸಾಹೇಬನೊಬ್ಬ ಸತ್ತ ಕಾಡೆಮ್ಮೆಯ ಮೇಲೆ ಕಾಲಿಟ್ಟು ನಗುತ್ತಿದ್ದ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ದೊಡ್ಡ ಮಾತುಗಳು. ಅಂಗಡಿಯ ಮುದುಕ ಓದಿ ಅರ್ಥ ಹೇಳಿದ. ಈ ಗುಂಡು ಎಂಟು ಹಲಗೆ ತೂರಿ ಆಚೆ ಹೋಗುವುದಂತೆ. ಮಳೆಯಿರಲಿ ಚಳಿಯಿರಲಿ, ಯಾವ ಹವೆಯಲ್ಲೂ ಸಿಡಿಯದೆ ಉಳಿಯದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಇದರ ಪ್ರತಾಪ ಕಂಡ ಪ್ರಾಣಿ ನಿಂತಲ್ಲೇ ಬೀಳುವುದಂತೆ, ಅಲ್ಲಿಂದ ಒಂದು ಹೆಜ್ಜೆಯೂ ಕದಲದಂತೆ! ಪರವಾನಗಿ ತೋರಿಸಿ ಹತ್ತು ಕಾಡತೂಸು ತಂದೆ.

ಮನೆಯಲ್ಲಿ ನನ್ನ ಹೆಂಡತಿ ಗಂಗವ್ವ ಪೆಟ್ಟಿಗೆ ತೆರೆದು ನೋಡಿದಳು.

"ಛಂದ ಅದಾವು. ಆದ್ರ ಹಂದಿ ಬೀಳೂದು ಗುಂಡಿಗೋ, ಗುರಿಗೋ?"

"ಇದಕ್ಕ ಗುರಿ ಬೇಕಾಗಿಲ್ಲ," ಎಂದೆ.

"ಹಂಗಾರ ನಿಮಗ ಛಲೋ ಆತು ಬಿಡ್ರಿ," ಎಂದು ಒಳಗೆ ಹೋದಳು.

ನಾನು ಸರಕಾರಿ ಮನುಷ್ಯ. ಪಂಚನಾಮೆಯಿಲ್ಲದೆ ಯಾವ ಸಂಗತಿಯನ್ನೂ ಒಪ್ಪುವವನಲ್ಲ. ಆದುದರಿಂದ ಸದರಿ ಕಾಡತೂಸಿನ ಪರೀಕ್ಷೆ ನಡೆಸಲು ನಿಶ್ಚಯಿಸಿದೆ. ಎಂಟು ಹಲಗೆ ಬೇಕಿತ್ತು. ಮನೆಯಲ್ಲಿ ಬೀಗರು ಬಂದಾಗ ಊಟಕ್ಕೆ ಹಾಕುವ ಮಣೆಗಳು ಸರಿಯಾಗಿ ಎಂಟು ಇದ್ದವು. ಗಂಗವ್ವ ನೀರಿಗೆ ಹೋದ ಸಮಯ ನೋಡಿ ಅವನ್ನು ಒಂದರ ಹಿಂದೊಂದು ಬಿಗಿದು ಹಿತ್ತಲಿನಲ್ಲಿ ಮನೆಯ ಹಿಂಬದಿಯ ಮಣ್ಣಿನ ಗೋಡೆಗೆ ಆನಿಸಿ ನಿಲ್ಲಿಸಿದೆ. ಪಂಚನಾಗಿ ಹುಸೇನಸಾಬನನ್ನು ಕರೆಸಿದೆ. ಅಪ್ಪನ ಜೊತೆ ಮೂವತ್ತು ವರ್ಷ ಅಡವಿ ತಿರುಗಿದ ಮುದುಕ ಅವನು. ಮಾತು ಕಡಿಮೆ, ನೋಟ ಜಾಸ್ತಿ.

ಹೊಡೆದೆ. ಕಿವಿ ಗುಂಯ್ ಎಂದಿತು. ಎಂಟೂ ಮಣೆಗೆ ನಟ್ಟನಡುವೆ ತೂತು! ಗೋಡೆಗೂ ತೂತು. ಗೋಡೆಯ ಆಚೆ, ಒಳಗಿನ ಕೋಣೆಯಲ್ಲಿ, ವರ್ಷದ ಉಪ್ಪಿನಕಾಯಿ ತುಂಬಿಟ್ಟ ಭರಣಿಗೂ ತೂತು. ಗಂಗವ್ವ ಕೊಡ ಹೊತ್ತು ಬಂದಾಗ ನಿಂಬೆಕಾಯಿಯ ಖಾರದ ರಸ ಹೊಸ್ತಿಲು ದಾಟಿ ಅಂಗಳಕ್ಕೆ ಹರಿಯುತ್ತಿತ್ತು. ಆ ದಿನ ನಾನು ಕೇಳಿದ ಮಾತುಗಳನ್ನು ಪಂಚನಾಮೆಯಲ್ಲಿ ಬರೆಯಲಿಲ್ಲ. ಆದರೆ ಒಳಗೊಳಗೇ ಭಾರಿ ಸಂತೋಷವಾಗಿತ್ತು. ಕಂಪನಿಯ ಮಾತು ನಿಜವೆಂದು ಸಾಬೀತಾಗಿತ್ತಲ್ಲ!

ಅದೇ ಹುಮ್ಮಸ್ಸಿನಲ್ಲಿ ನಾನು ನೀಲವ್ವನಿಗೆ ಮಾತು ಕೊಟ್ಟೆ.

ನೀಲವ್ವ ನಮ್ಮ ಓಣಿಯವಳು, ಗಂಡ ಸತ್ತವಳು. ಗುಡ್ಡದ ಬುಡದಲ್ಲಿ ಅವಳದು ಎರಡು ಎಕರೆ ಶೇಂಗಾ. ಅದೇ ಅವಳ ವರ್ಷದ ಜೋಳ, ಅದೇ ಎಣ್ಣೆ, ಅದೇ ಮುಂದಿನ ವರ್ಷದ ಬೀಜ. ಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಹಂದಿಗಳು ಇಳಿಯುತ್ತಿದ್ದವು. ಅವಳು ಹೊಲದ ಅಟ್ಟಣಿಗೆಯ ಮೇಲೆ ಕೂತು ಕೂಗಿ ಕೂಗಿ ಅವನ್ನು ಓಡಿಸುತ್ತಿದ್ದಳು. ಗಂಟಲು ಬಿದ್ದುಹೋಗಿತ್ತು. ಅಷ್ಟರಲ್ಲಿ ಯಲಬುರ್ಗಿಯಿಂದ ಸುದ್ದಿ ಬಂತು. ಅವಳ ಒಬ್ಬಳೇ ಮಗಳಿಗೆ ಚೊಚ್ಚಲ ಬಸಿರು, ದಿನ ತುಂಬಿದೆ, ಮೈಯಲ್ಲಿ ಶಕ್ತಿ ಇಲ್ಲ, ತಾಯಿ ಬರಬೇಕು. ಹೋದರೆ ಹೊಲ ಹಂದಿಯ ಪಾಲು. ಹೋಗದಿದ್ದರೆ ಮಗಳು ಒಬ್ಬಳೇ. ನಮ್ಮ ಕಟ್ಟೆಯ ಮೇಲೆ ಕೂತು ಗಂಗವ್ವನ ಮುಂದೆ ಅಳುತ್ತಿದ್ದಳು.

ನಾನು ಒಳಗಿಂದ ರುಮಾಲು ಸರಿಮಾಡಿಕೊಂಡು ಬಂದೆ.

"ನೀಲವ್ವ, ಗಾಡಿ ಹೂಡಿಸ್ಕೊಂಡು ನಾಳಿಗೇ ಹೋಗು. ನಿನ್ನ ಹೊಲಾ ನನ್ನ ಜವಾಬ್ದಾರಿ. ನಾಕು ಹಂದಿ ಕೆಡವಿದ್ರ ಐದನೇದು ಈ ಕಡೆ ಹಾಯಂಗಿಲ್ಲ."

"ಖರೇನ ಏನ್ರಿ ಪಾಟೀಲ್ರ?"

"ಎಂಟು ಮಣಿ ತೂರೇತಿ ನನ್ನ ಕಾಡತೂಸು! ಹಂದಿ ಚರ್ಮ ಏನ ಮಹಾ?"

ಗಂಗವ್ವ ನನ್ನನ್ನು ನೋಡಿದಳು. ನೀಲವ್ವ ಕಣ್ಣು ಒರೆಸಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರಲಿ," ಎಂದು ಕೈಮುಗಿದು ಹೋದಳು. ಅವಳು ಹೊರಟದ್ದು ಮಹಾನವಮಿ ಹಬ್ಬದ ಅಷ್ಟಮಿಯ ದಿನ.

ಅಷ್ಟಮಿಯ ಮರುದಿನ ಖಂಡೇನವಮಿ, ಆಯುಧಪೂಜೆ. ನಮ್ಮ ಮನೆಯಲ್ಲಿ ಕುಡುಗೋಲು, ಕೊಡಲಿ, ರಂಟೆ, ರೈಫಲ್ಲು ಎಲ್ಲವನ್ನೂ ಹಿಂದಿನ ದಿನವೇ ತೊಳೆದು, ಎಣ್ಣೆ ಹಚ್ಚಿ ಜಗಲಿಗೆ ಇಡುವುದು ರೂಢಿ. ಅಪ್ಪ ಎಂದೂ ಕಾಡತೂಸನ್ನು ಪೂಜೆಗೆ ಇಟ್ಟವನಲ್ಲ. ನಾನು ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಿದೆ. ಕೊಲ್ಲುವುದು ಯಾವುದು? ರೈಫಲ್ಲೋ, ಗುಂಡೋ? ದುಡಿಯುವವನಿಗೆ ಹಬ್ಬವಿಲ್ಲದೆ ಬರೀ ಕೊಳವೆಗೆ ಹಬ್ಬ ಮಾಡುವುದು ಯಾವ ನ್ಯಾಯ? ಉಳಿದ ಒಂಬತ್ತು ಕಾಡತೂಸುಗಳನ್ನು ಹಿತ್ತಾಳೆಯ ತಟ್ಟೆಯಲ್ಲಿ ಸಾಲಾಗಿ ಮಲಗಿಸಿ, ಮೇಲೆ ಮುಳುಗುವಷ್ಟು ಔಡಲೆಣ್ಣೆ ಸುರಿದೆ.

"ಮದ್ದಿಗೆ ಎಣ್ಣಿ ಆಗಿಬರತೈತೇನ್ರಿ?" ಎಂದಳು ಗಂಗವ್ವ.

ಹುಸೇನಸಾಬನೂ ಬಾಗಿಲಲ್ಲಿ ನಿಂತು ಹೇಳಿದ: "ಪಾಟೀಲ್ರ, ದೊಡ್ಡಪಾಟೀಲ್ರು ಕಾಡತೂಸು ಅರವಿಯಾಗ ಸುತ್ತಿ ಒಣಾ ಡಬ್ಬಿಯಾಗ ಇಡತಿದ್ರು."

"ಅವು ಹಳೇ ಕಾಡತೂಸು. ಇದು ಹೊಸಾದು. ಯಾವ ಹವಾಕ್ಕೂ ಅಂಜಂಗಿಲ್ಲ ಅಂತ ಕಂಪನಿ ಬರಕೊಟ್ಟೈತಿ!"

ಮರುದಿನ ಸ್ನಾನ ಮಾಡಿ ಕುಂಕುಮ ಹಿಡಿದು ಕೂತೆ. ಕಾಡತೂಸಿಗೆ ಹಣೆ ಎಲ್ಲಿ? ಬಹಳ ಯೋಚಿಸಿ, ಹಿಂಭಾಗದಲ್ಲಿ ಒಂದು ಪುಟ್ಟ ದುಂಡನೆಯ ಬೊಟ್ಟು ಇರುತ್ತದಲ್ಲ, ರೈಫಲ್ಲಿನ ಮೊಳೆ ಬಡಿದು ಕಿಡಿ ಹುಟ್ಟುವ ಜಾಗ, ಅದನ್ನೇ ಹಣೆಯೆಂದು ತೀರ್ಮಾನಿಸಿದೆ. ಒಂಬತ್ತಕ್ಕೂ ಅಲ್ಲಿಯೇ ದಟ್ಟವಾಗಿ ಕುಂಕುಮ ಒತ್ತಿ ಮತ್ತೆ ಎಣ್ಣೆಗೆ ಇಳಿಸಿದೆ. ಕಿಡಿ ಹುಟ್ಟುವುದು ಅಲ್ಲಿಯೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಚ್ಚಿದೆ. ಇದನ್ನು ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಅಂದು ಬೆಳಿಗ್ಗೆಯೇ ಹುಸೇನಸಾಬ ಏದುಸಿರು ಬಿಡುತ್ತ ಬಂದಿದ್ದ. "ನೀಲವ್ವನ ಹೊಲಕ್ಕ ಹಂದಿ ಬಂದಾವ್ರಿ, ಏಳ್ರಿ!"

ಏಳುವುದು ಹೇಗೆ? ಪೂಜೆಗೆ ಇಟ್ಟ ಆಯುಧವನ್ನು ದಶಮಿ ಕಳೆಯುವವರೆಗೆ ಎತ್ತುವಂತಿಲ್ಲ. ನಮ್ಮ ಮನೆಯಲ್ಲಿ ಆ ಎರಡು ದಿನ ಈಳಿಗೆಯನ್ನೂ ಮುಟ್ಟದೆ, ಬದನೆಕಾಯಿಯನ್ನು ಇಡಿಯಾಗಿಯೇ ಬೇಯಿಸುತ್ತಾರೆ. ಮಾತು ಕೊಡುವಾಗ ಈ ಸಂಗತಿ ನನಗೆ ನೆನಪೇ ಆಗಿರಲಿಲ್ಲ!

"ಹಂಗಾರ ನಾ ಹೋಗಿ ಕೂಗಿ ಓಡಸ್ತೀನಿ," ಎಂದ ಹುಸೇನಸಾಬ.

"ಕೂಗಬ್ಯಾಡ!" ಎಂದೆ. "ಅವು ಬೆದರಿ ಗುಡ್ಡಾ ಸೇರಿದ್ರ ನಾಡದ ನಾ ಹೊಡಿಯೂದು ಯಾರನ್ನ? ಎರಡು ದಿನ ರೂಢಿ ಬೀಳ್ಲಿ."

ಪಾಟೀಲರ ಹುಕುಮ್ ಎಂದು ಮುದುಕ ತನ್ನ ಮನೆಯ ದಾರಿ ಹಿಡಿದ. ಹಂದಿಗಳು ಎರಡು ದಿನ ರೂಢಿ ಬಿದ್ದವು. ಭಾಳ ಛಲೋ ರೂಢಿ ಬಿದ್ದವು.

ದಶಮಿ ಸಂಜೆ ಬನ್ನಿ ಹಂಚಿ, ಎಲ್ಲರಿಗೂ ಬಂಗಾರದಂಗ ಇರೂಣು ಎಂದು ಹೇಳಿದೆ. ಏಕಾದಶಿಯ ದಿನ ಬೆಳಕು ಹರಿಯುವ ಮುಂಚೆ ನಾನೂ ಹುಸೇನಸಾಬನೂ ಅಟ್ಟಣಿಗೆ ಏರಿ ಕೂತೆವು. ಕಾಡತೂಸಿನ ಎಣ್ಣೆಯನ್ನು ಪಂಚೆಯಿಂದ ಒರೆಸಿದ್ದೆ. ಕುಂಕುಮ ಮಾತ್ರ ಪ್ರಸಾದವೆಂದು ಬಿಟ್ಟಿದ್ದೆ. ಮೂಡಣ ಕೆಂಪಾಯಿತು. ಬಂದವು! ಒಂದು ದೊಡ್ಡ ಗಂಡುಹಂದಿ, ನಾಲ್ಕು ಹೆಣ್ಣು, ಮರಿಗಳಿಗೆ ಲೆಕ್ಕವಿಲ್ಲ. ಐವತ್ತು ಗಜ ದೂರದಲ್ಲಿ, ತಮ್ಮ ಸ್ವಂತ ಹೊಲದಂತೆ ನೆಲ ಉಳುತ್ತ ಕಾಯಿ ತಿನ್ನತೊಡಗಿದವು.

ಗುರಿ ಹಿಡಿದು ಎಳೆದೆ. ಟಕ್!

ಕಾಡತೂಸು ತೆಗೆದು ಇನ್ನೊಂದು ಹಾಕಿದೆ. ಟಕ್!

ಮೂರನೆಯದು, ನಾಲ್ಕನೆಯದು, ಐದನೆಯದು. ಟಕ್, ಟಕ್, ಟಕ್! ಐದನೆಯ ಸದ್ದಿಗೆ ಗಂಡುಹಂದಿ ತಲೆಯೆತ್ತಿ ಅಟ್ಟಣಿಗೆಯ ಕಡೆ ನೋಡಿತು. ಅಪಾಯವೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಊಟಕ್ಕೆ ಕೂತಿತು.

ಆರನೆಯದೂ ಟಕ್ ಎಂದಿತು. ನನ್ನ ಪಿತ್ತ ನೆತ್ತಿಗೇರಿತು. ರೈಫಲ್ಲಿನ ಮೂತಿ ಕೆಳಗೆ ಮಾಡಿ, ಹುಸೇನಸಾಬನ ಕಡೆ ತಿರುಗಿ, "ಕಳ್ಳರು! ಕಂಪನಿಯವರು ಶುದ್ಧ ಕಳ್ಳರು!" ಎಂದು ಗುಡುಗಿದೆ. ಕಾಡತೂಸು ತಡವಾಗಿ ಉತ್ತರ ಕೊಟ್ಟಿತು. ಢಂ!

ಗುಂಡು ಅಟ್ಟಣಿಗೆಯ ಕಾಲೊಂದನ್ನು ಸೀಳಿಕೊಂಡು ಹೋಗಿತ್ತು. ನಾಲ್ಕು ಕಾಲಿನ ಅಟ್ಟಣಿಗೆ ಮೂರು ಕಾಲಿನ ಮೇಲೆ ಒಂದು ಗಳಿಗೆ ಯೋಚನೆ ಮಾಡಿ, ಕೊನೆಗೆ ಮಲಗಿಬಿಟ್ಟಿತು. ನಾವೂ ಮಲಗಿದೆವು. ಹುಸೇನಸಾಬ ಎಪ್ಪತ್ತರ ಮುದುಕ, ಧೂಳು ಕೊಡವಿಕೊಂಡು ಎದ್ದ. ನನ್ನ ಕಾಲು ಉಳುಕಿತ್ತು.

"ಪಾಟೀಲ್ರ, ಜೀವ ಐತೇನ್ರಿ?"

"ಜೀವ ಐತಿ," ಎಂದೆ. "ಮಾನ ಎಲ್ಲೆರ ಬಿದ್ದೈತೇನ ನೋಡು."

ಜಾಹೀರಾತು ಅಕ್ಷರಶಃ ನಿಜವಾಗಿತ್ತು. ಆ ಕಾಡತೂಸಿನ ಪ್ರತಾಪ ಕಂಡ ಪ್ರಾಣಿ ಬಿದ್ದಲ್ಲೇ ಬಿದ್ದಿತ್ತು, ಒಂದು ಹೆಜ್ಜೆಯೂ ಕದಲಲಿಲ್ಲ. ಹುಸೇನಸಾಬ ಬೆನ್ನ ಮೇಲೆ ಹೊತ್ತು ತರಬೇಕಾಯಿತು!

ಆದರೆ ಅವನ ಬೆನ್ನ ಮೇಲಿಂದ ನಾನು ಹೊಲವನ್ನು ನೋಡಿದೆ. ಮೂರು ಮುಂಜಾನೆಯಲ್ಲಿ ಎರಡು ಎಕರೆ ತಲೆಕೆಳಗಾಗಿತ್ತು. ಬದುವಿನ ಪಕ್ಕ ನಾಲ್ಕು ಸಾಲು ಮಾತ್ರ ಉಳಿದಿದ್ದವು. ಕೂಗಿ ಓಡಿಸುತ್ತೇನೆ ಅಂದಿದ್ದೆನಲ್ಲ ಎಂದು ಹುಸೇನಸಾಬ ಅಂದುಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮನೆಗೆ ಬಂದು ಕಂಪನಿಯನ್ನು ಬೈಯತೊಡಗಿದೆ. ಗಂಗವ್ವ ಕಾಲಿಗೆ ಅರಿಸಿನ ಹಚ್ಚುತ್ತ, "ಕುಣೀಲಾರದಾಕಿ ನೆಲ ಡೊಂಕು ಅಂದಿದ್ಲಂತ," ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ನಡೆಯಲು ಬಂದ ದಿನವೇ ರೈಫಲ್ಲು, ಉಳಿದ ಕಾಡತೂಸು ಎತ್ತಿಕೊಂಡು ಸೀದಾ ರಾಯಚೂರಿಗೆ ಹೊರಟೆ. ದಾರಿಯುದ್ದಕ್ಕೂ ದೇವರಲ್ಲಿ ಒಂದೇ ಬೇಡಿಕೆ: ಕಾಡತೂಸು ಕೆಟ್ಟದ್ದೇ ಆಗಿರಲಪ್ಪಾ! ಅದು ಕೆಟ್ಟದ್ದಾದರೆ ನೀಲವ್ವನ ಮುಂದೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ.

ಅಂಗಡಿಯ ಮುದುಕ ಸಿಡಿಯದ ಕಾಡತೂಸನ್ನು ಬೆರಳಲ್ಲಿ ಉರುಳಿಸಿ, ಮೂಸಿ ನೋಡಿದ. ಹಿಂಭಾಗದ ಕೆಂಪನ್ನು ಉಗುರಿನಿಂದ ಕೆರೆದ. ಆಮೇಲೆ ಅದೇ ಪೆಟ್ಟಿಗೆಯ ಇನ್ನೊಂದನ್ನು ಕಪಾಟಿನಿಂದ ತೆಗೆದು, ನನ್ನದೇ ರೈಫಲ್ಲಿಗೆ ಹಾಕಿ, ಹಿಂದಿನ ಬಯಲಲ್ಲಿ ಮರಳಿನ ದಿಬ್ಬಕ್ಕೆ ಹೊಡೆದ. ಢಂ! ಇನ್ನೊಂದು. ಢಂ!

"ಪಾಟೀಲ್ ಸಾಬ್, ಮಳಿಯಾಗ ಸಿಡೀತೈತಿ, ಚಳಿಯಾಗ ಸಿಡೀತೈತಿ ಅಂತ ಕಂಪನಿ ಬರದೈತಿ, ಖರೆ. ಔಡಲೆಣ್ಣಿ ಯಾವ ಹವಾರೀ?"

ರೈಫಲ್ಲು ಹೆಗಲಿಗೇರಿಸಿ ಊರಿನ ದಾರಿ ಹಿಡಿದೆ.

ಊರಿಗೆ ಬಂದಾಗ ನೀಲವ್ವ ಬಂದು ಎರಡು ದಿನವಾಗಿತ್ತು. ಅವಳ ಮನೆಯ ಕಟ್ಟೆಯ ಮೇಲೆ ಒಬ್ಬಳೇ ಕೂತು, ಮುಂದೆ ಮೊರ ಇಟ್ಟುಕೊಂಡು ಶೇಂಗಾ ಬಿಡಿಸುತ್ತಿದ್ದಳು. ದಾರಿಯಲ್ಲಿ ನಾನು ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಅವಳ ಮುಖ ನೋಡಿದೊಡನೆ ಬಿದ್ದುಹೋದವು. ಕಟ್ಟೆಯ ತುದಿಗೆ ಕೂತೆ.

"ನೀಲವ್ವ, ಕಾಡತೂಸಿನ ತಪ್ಪಿಲ್ಲ. ಎಣ್ಣಿ ಹಚ್ಚಿದಾವ ನಾನು. ಹುಸೇನಸಾಬಗ ಕೂಗಬ್ಯಾಡ ಅಂದಾವನೂ ನಾನು."

"ಗೊತ್ತಾತ್ರಿ. ಗಂಗವ್ವಕ್ಕ ಎಲ್ಲಾ ಹೇಳ್ಯಾಳ. ಬೀಜಕ್ಕಂತ ಒಂದು ಚೀಲಾನೂ ಕಳಿಸ್ಯಾಳ."

"ಮಗಳು?"

"ಮೂರು ದಿನ ಬ್ಯಾನಿ ತಿಂದ್ಲು. ನನ್ನ ಕೈ ಬಿಟ್ಟಿದ್ದಿಲ್ಲ. ಹೆಣ್ಣುಕೂಸು. ಇಬ್ಬರೂ ಉಳದಾರ."

ಅವಳ ಬೆರಳುಗಳು ಕಾಯಿ ಒಡೆಯುತ್ತಲೇ ಇದ್ದವು. ಏನಾದರೂ ಬೈದಾಳೆಂದು ಕಾದೆ. ಬೈದರೆ ಹಗುರಾಗುತ್ತಿದ್ದೆ. ಇನ್ನು ಸುಮ್ಮನಿರಲಾರದೆ, ಆ ಕಾಡತೂಸನ್ನು ನಂಬಿ ನೀನು ಕೆಟ್ಟೆ ಎಂದೆ.

"ಕಾಡತೂಸು ನಂಬೂದಕ್ಕ ನನಗೇನು ಅದರ ಗುರ್ತ ಐತ್ರಿ?" ಎಂದಳು ನೀಲವ್ವ, ದನಿ ಏರಿಸದೆ. "ಪಾಟೀಲ್ರು ಹೇಳ್ಯಾರ ಅಂತ ಹೋಗಿದ್ದೆ."

ಎಂಟು ಮಣೆ, ಒಂದು ಗೋಡೆ, ಒಂದು ಭರಣಿ ತೂರಿದ ಗುಂಡಿಗೂ ಇಷ್ಟು ಬಿರುಸು ಇರಲಿಲ್ಲ. ಕಣ್ಣು ತುಂಬಿ ಬಂತು, ರುಮಾಲಿನ ಅಂಚಿನಿಂದ ಒರೆಸಿಕೊಂಡೆ. ಎದ್ದು ಹೋಗುವ ಧೈರ್ಯವೂ ಆಗಲಿಲ್ಲ. ಅವಳು ಮೊರದಿಂದ ಒಂದು ಹಿಡಿ ಶೇಂಗಾ ತೆಗೆದು ನನ್ನ ಅಂಗೈಗೆ ಸುರಿದಳು.

"ತಿನ್ರಿ. ಹಂದಿ ತಿಂದು ಬಿಟ್ಟದ್ದು."

ತಿಂದೆ. ಬೇಡವೆನ್ನುವ ಯೋಗ್ಯತೆ ನನಗೆಲ್ಲಿತ್ತು? ಒಂದೊಂದು ಕಾಯಿಯೂ ತುಂಬಿತ್ತು. ಆ ಕಟ್ಟೆಯ ಮೇಲೆ ಜೊಳ್ಳು ಅಂತ ಇದ್ದವನು ನಾನೊಬ್ಬನೇ.