ಕಿಯಾನಾ ಅಂದರೇನ್ರೀ?

ನನ್ನ ಸೋದರತ್ತೆ ಒಂದೇ ಸುಳ್ಳನ್ನು ಎರಡು ಸಲ ಹೇಳಿದವರಲ್ಲ; ಪ್ರತಿ ಸಲವೂ ಹೊಸದು! ಇದಕ್ಕೆ ಸಾಕ್ಷಿ ನನ್ನ ಹೆಸರು, ಕಿಯಾನಾ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಮನೆಯವರು ಅಜ್ಜಿಯ ಹೆಸರು ಗೊತ್ತು ಮಾಡಿದ್ದರಂತೆ. ಈಕೆ ಬಾಗಿ, ಯಾರೂ ಕೇಳಿರದ ಇದನ್ನು ಊದಿಬಿಟ್ಟರು. ಕಿವಿಗೆ ಬಿದ್ದ ಹೆಸರನ್ನು ವಾಪಸು ತೆಗೆಯುವುದುಂಟೆ?

ವಾಕಡದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮರಾಠಿಯವರು ಅರ್ಥ ಕೇಳಿದರೆ, ಅತ್ತೆ, "ಅಹೋ, ಕಾನಡೀ ನಾವ್ ಆಹೆ!" ಎಂದು ಅದನ್ನು ಕನ್ನಡದ ಹೆಸರಾಗಿಸುತ್ತಾರೆ. ಇಂದಾಪುರದ ಕನ್ನಡದ ಬೀಗರು ಕೇಳಿದರೆ, "ಮರಾಠಿ ಹೆಸರ್ರೀ, ಭಾಳ ಹಳೇದು!" ಪುರೋಹಿತರಿಗಂತೂ, "ಪುರಾಣದಾಗ ಬರ್ತದಲ್ರೀ?" ಅವರೂ ಗಂಭೀರವಾಗಿ, "ಹೌದ್ರೀ, ಬರ್ತದ" ಎಂದುಬಿಟ್ಟರು! ನಾನು ಪೆದ್ದಿ, ಎಲ್ಲವನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆದುಕೊಂಡೆ. ಅಂತರ್ಜಾಲದಲ್ಲಿ ಒಂದು ಕಡೆ ಬೆಳದಿಂಗಳು, ಇನ್ನೊಂದು ಕಡೆ ದೇವರ ಕೃಪೆ, ಮತ್ತೊಂದು ಕಡೆ ಯಾವನೋ ಗಡ್ಡದ ರಾಜ! ಪರೀಕ್ಷೆಗೂ ನಾನು ಇಷ್ಟು ಓದಿದವಳಲ್ಲ.

ಮೊನ್ನೆ ಭಾನುವಾರ ಅಣ್ಣನ ಮಗಳ ನಾಮಕರಣ. ಈಗ ಸೋದರತ್ತೆ ನಾನು! ಧಾತು, ಅರ್ಥ ಎಲ್ಲ ಪಕ್ಕಾ ಇರುವ ಹೆಸರೊಂದನ್ನು ಉರು ಹೊಡೆದಿದ್ದೆ. ತೊಟ್ಟಿಲಿಗೆ ಹೂ ಕಟ್ಟುತ್ತಿದ್ದ ಅತ್ತೆಯನ್ನು ಹಿಡಿದೆ.

"ಅತ್ಯಾ, ಇವತ್ತರ ಖರೇ ಹೇಳು. ನನ್ನ ಹೆಸರಿನ ಅರ್ಥ ಏನು?"

"ಏನೂ ಇಲ್ಲವಾ. ನಾನ ಕಟ್ಟಿದ್ದು."

"ಅಂದ್ರ ಇಷ್ಟು ವರ್ಷ ಏನೂ ಇಲ್ಲದ್ದನ್ನ ಹೊತ್ತು ತಿರಗೀನೇನು?"

"ನನ್ನ ಹೆಸರಿಗೆ ಅರ್ಥ ಅದ ನೋಡು." ಅತ್ತೆ ಹೂವಿನಿಂದ ಕಣ್ಣೆತ್ತಲಿಲ್ಲ. "ನಾ ನಾಲ್ಕನೇ ಹೆಣ್ಣು. 'ಇನ್ನ ಸಾಕು' ಅನ್ನೂದನ್ನ ಹೆಸರು ಮಾಡಿ ಇಟ್ರು. ಯಾರು ಕರದ್ರೂ ಅದ ಕೇಳಸ್ತದ. ನಿನಗರ ಖಾಲಿ ಹೆಸರಿರಲಿ, ಬೇಕಾದ್ದು ತುಂಬ್ಕೋತಿ ಅಂದೆ."

ನನ್ನ ಹೆಸರಿನ ಅರ್ಥಕ್ಕಾಗಿ ಲೋಕವನ್ನೆಲ್ಲ ಜಾಲಾಡಿದ ಪಂಡಿತೆ ನಾನು, ದಿನಾ ಕಿವಿಗೆ ಬೀಳುವ ಅತ್ತೆಯ ಹೆಸರಿಗೂ ಅರ್ಥವಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಾನು ತೊಟ್ಟಿಲಿಗೆ ಬಾಗಿದೆ. ಪದ್ಧತಿಯಂತೆ ಹೆಂಗಸರು "ಕುರ್ರ್" ಎನ್ನುತ್ತ ಬೆನ್ನಿಗೆ ಗುದ್ದಿದರು; ಎಲ್ಲಕ್ಕಿಂತ ಜೋರು ಗುದ್ದು ಅತ್ತೆಯದೇ! ಕೂಸಿಗೆ ಹೆಸರು ಹೇಳಿ ಎದ್ದವಳು ಅತ್ತೆಯ ಕಿವಿಗೆ ಬಾಯಿಟ್ಟೆ.

"ಹುಚ್ಚಿ, ಕೂಸು ಅಲ್ಲಿ ಅದ!"

"ಇದು ನಿನಗ," ಎಂದು ಒಂದು ಹೆಸರು ಉಸುರಿದೆ; ಅಲ್ಲೇ, ಆಗಲೇ ಕಟ್ಟಿದ್ದು.

ಅತ್ತೆಯ ತುಟಿ ಸದ್ದಿಲ್ಲದೆ ಅದನ್ನೊಮ್ಮೆ ಹೇಳಿನೋಡಿತು.

"ಅರ್ಥ ಏನದರದು?"

"ಏನೂ ಇಲ್ಲ, ಅತ್ಯಾ."

ಗುದ್ದಲು ಎತ್ತಿದ ಅತ್ತೆಯ ಕೈ ನನ್ನ ಬೆನ್ನ ಮೇಲೆ ಮೆಲ್ಲಗೆ ಇಳಿದು ಅಲ್ಲೇ ಉಳಿಯಿತು.