ಹದಿನೈದನೆಯ ಅಡ್ಮಿಷನ್

ಆ ದಿನ ಜಂಬಯ್ಯನ ಹೊಟ್ಟೆಯುರಿಗೆ ಕಾರಣವಾದದ್ದು ಸಿದ್ದಲಿಂಗೇಶನ ಬುತ್ತಿ. ಆದೋನಿ ಕಾಲೇಜಿನ ಬಾಟನಿ ಲೆಕ್ಚರರ್ ಸಿದ್ದಲಿಂಗೇಶ ಅದೇ ಊರಿನವನು. ಹೆಂಡತಿ ಕಟ್ಟಿದ ಜೋಳದ ರೊಟ್ಟಿ, ಗುರೆಳ್ಳು ಪುಡಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮೂಗಿನ ಮುಂದೆ ಬಿಚ್ಚುವವನು. ಫಿಸಿಕ್ಸಿನ ಜಂಬಯ್ಯನಿಗೆ ಹೋಟೆಲ್ ಇಡ್ಲಿಯೇ ಗತಿ. ಹೆಂಡತಿ ಶೋಭಾರಾಣಿಗೆ ಕರ್ನೂಲಿನಲ್ಲಿ ಕೆಲಸ. ಶನಿವಾರ ಬಸ್ಸು ಹತ್ತಿದರಷ್ಟೇ ಸಂಸಾರ. ಅಲ್ಲಿರುವ ತಮ್ಮದೇ ಸಂಸ್ಥೆಯ ಕಾಲೇಜಿಗೆ ವರ್ಗ ಕೇಳುತ್ತ ಎಂಟು ವರ್ಷವಾಗಿತ್ತು.

"ನಂದು ಹದಿನೈದು ಮುಗೀತ್ರಿ. ನಿಮ್ದು?" ಎಂದ ಸಿದ್ದಲಿಂಗೇಶ.

"ಹದಿನಾಲ್ಕು."

"ಅಯ್ಯೋ ಪಾಪ!"

ಆ 'ಪಾಪ' ಕೇಳಿ ಜಂಬಯ್ಯನ ಮೈಯೆಲ್ಲ ಉರಿಯಿತು. ಸೈನ್ಸ್ ಡಿಗ್ರಿ ಓದುವವರು ಹೆಚ್ಚಬೇಕೆಂದು ಕಾಲೇಜಿನ ಟ್ರಸ್ಟು ಲೆಕ್ಚರರುಗಳನ್ನೆಲ್ಲ ಊರೂರಿಗೆ ಅಟ್ಟಿತ್ತು. ಆ ಸಂಜೆ ಐದರೊಳಗೆ ಹದಿನೈದು ಅಡ್ಮಿಷನ್ ತುಂಬದ ಸೆಕ್ಷನ್ ಬಂದ್. ಅದರ ಲೆಕ್ಚರರಿಗೆ ಟ್ರಸ್ಟು ತೋರಿಸಿದ ಊರಿಗೆ ಎತ್ತಂಗಡಿ.

ಫಿಸಿಕ್ಸಿಗೆ ಬರ್ತೀನಿ ಅಂತ ಕೌತಾಳಂನ ನರೇಶ ಬೆಳಿಗ್ಗೆಯೇ ಫೋನ್ ಮಾಡಿದ್ದ. ಅವನನ್ನು ಕರೆತಂದರೆ ಮುಗಿಯಿತಲ್ಲ? ಎಲ್ಲಿ ಮುಗಿಯುತ್ತದೆ! ಸಿದ್ದಲಿಂಗೇಶನ ಹದಿನೈದೂ ಗಟ್ಟಿಯಾಗಿ ಉಳಿಯುತ್ತದಲ್ಲ! ಅದನ್ನು ನೆನೆದು ಜಂಬಯ್ಯ ಇಡ್ಲಿಯ ಪೊಟ್ಟಣವನ್ನು ಆಚೆ ತಳ್ಳಿದ. ಅಷ್ಟರಲ್ಲಿ ಅಟೆಂಡರ್ ಮಾರಣ್ಣ ಕಿವಿಯಲ್ಲಿ ಊದಿದ: "ಬಾಟನಿಗೆ ಹೆಸರು ಕೊಟ್ಟ ಪೆದ್ದಕಡುಬೂರಿನ ಚಂದನಾ ಅದಾಳಲ್ರಿ, ಆಕಿ ಸರ್ಟಿಫಿಕೇಟು ಇನ್ನೂ ಬಂದಿಲ್ಲ." ಸರ್ಟಿಫಿಕೇಟು ಯಾರ ಕೈಯಲ್ಲೋ ಹುಡುಗಿ ಅವರ ಸೆಕ್ಷನ್ನಿಗೆ. ಇದು ಈ ಸೀಮೆಯ ಅಡ್ಮಿಷನ್ ಧರ್ಮ. ನರೇಶನನ್ನು ಅಲ್ಲಿಗೇ ಬಿಟ್ಟು ಜಂಬಯ್ಯ ಪೆದ್ದಕಡುಬೂರಿನ ಬಸ್ಸು ಹತ್ತಿದ.

ಚಂದನಾಳ ಅಜ್ಜಿ ಗಿಡ್ಡಮ್ಮ ಸರ್ಟಿಫಿಕೇಟಿನ ಚೀಲವನ್ನು ತೊಡೆಯ ಕೆಳಗೆ ಇಟ್ಟುಕೊಂಡೇ ಕೂತಿದ್ದಳು. "ಏಮಿ ಸಾರೂ, ಬಾಟನಿ ಸಾರು ಬಂದಾಗ ನಮ್ಮ ಬದನಿ ಗಿಡದ ಹುಳಕ್ಕ ಔಷಧ ಹೇಳಿಹೋದ್ರು. ನಿಮಗೇನು ಬರ್ತೈತಿ?"

"ಫಿಸಿಕ್ಸ್ ಅಮ್ಮಾ. ಕರೆಂಟು, ಬೆಳಕು..."

"ಕರೆಂಟಾ? ಹಂಗಾದ್ರ ಈ ಮಿಕ್ಸಿ ನೋಡ್ರಿ!"

ಪುಸ್ತಕ ಬಿಟ್ಟರೆ ಬೇರೇನೂ ಬಿಚ್ಚದ ಜಂಬಯ್ಯ ಮಿಕ್ಸಿ ಬಿಚ್ಚಿದ. ದೇವರು ದೊಡ್ಡವನು, ಅದು ತಿರುಗಿತು! ಅಷ್ಟೇ ಸಾಕಾಯಿತು. ಪಕ್ಕದ ಮನೆಯ ಮೂಕಮ್ಮ ಓಣಿಗೆಲ್ಲ ಕೇಳುವಂತೆ ಕೂಗಿದಳು. ಫ್ಯಾನು ಬಂತು, ಇಸ್ತ್ರಿಪೆಟ್ಟಿಗೆ ಬಂತು, ಕೊನೆಗೆ ಬೋರಿನ ಸ್ಟಾರ್ಟರೂ ಬಂತು. ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆದು ಜಂಬಯ್ಯ ತೊಟ್ಟಿಯ ಪಕ್ಕದ ಕೆಸರಿಗೆ ಬಿದ್ದ.

"ಬಿದ್ರೂ ಬಿಡ್ಲಿಲ್ಲ, ಗಟ್ಟಿ ಮನುಷ್ಯ ಅದಾನ," ಎಂದಳು ಮೂಕಮ್ಮ.

ಸಮಯ ನೋಡಿ ಜಂಬಯ್ಯ ಬಾಣ ಬಿಟ್ಟ: "ಬಾಟನಿ ಓದಿದ್ರ ಮೂರು ವರ್ಷ ಹುಲ್ಲು ನೋಡಬೇಕಮ್ಮ."

ಗಿಡ್ಡಮ್ಮ ನಕ್ಕಳು. "ಹುಲ್ಲು ನಾನೇ ತೋರಿಸ್ತೀನಿ, ಕಾಲೇಜು ಯಾಕ? ತಗೊಳ್ರಿ ಚೀಲ. ಏನೇ ಚಂದನಾ?"

"ನಂಗೂ ಮಿಕ್ಸಿ ಬಿಚ್ಚೋದೇ ಇಷ್ಟ," ಎಂದಳು ಚಂದನಾ.

ಐದಕ್ಕೆ ಐದು ನಿಮಿಷವಿತ್ತು. ಒಣಗಿದ ಕೆಸರಿನ ಪ್ಯಾಂಟಿನಲ್ಲೇ ಜಂಬಯ್ಯ ಪ್ರಿನ್ಸಿಪಾಲ್ ಮಹಾಂತಮ್ಮನವರ ಮೇಜಿನ ಮೇಲೆ ಚೀಲ ಇಟ್ಟ. ಫಿಸಿಕ್ಸ್ ಹದಿನೈದು, ಬಾಟನಿ ಹದಿನಾಲ್ಕು! ಸಿದ್ದಲಿಂಗೇಶನ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅದನ್ನು ನೋಡಿ ಜಂಬಯ್ಯನ ಹೊಟ್ಟೆ ತಣ್ಣಗಾಯಿತು.

ಮಹಾಂತಮ್ಮ ಟ್ರಸ್ಟಿಗೆ ಫೋನ್ ಮಾಡಿ ಕೇಳಿ, ಕೆಳಗಿಟ್ಟರು. "ಸಿದ್ದಲಿಂಗೇಶ್, ನಾಳೆಯಿಂದ ನೀವು ಕರ್ನೂಲಿಗೆ."

"ಕ... ಕರ್ನೂಲಿಗಾ?" ಜಂಬಯ್ಯ ಮೇಜಿಗೆ ಅಂಟಿಕೊಂಡು ನಿಂತ. "ಮೇಡಂ, ನನ್ನನ್ನೇ ಕಳಿಸ್ರಿ!"

"ನಿಮ್ಮ ಸೆಕ್ಷನ್ ತುಂಬದೇ ಇದ್ದಿದ್ರ ನಿಮ್ಮನ್ನೇ ಕಳಿಸ್ತಿದ್ವಿ. ಈಗ ಹದಿನೈದು ಮಂದಿ ಡಿಗ್ರಿ ಮುಗಿಸೋ ತನಕ, ಮೂರು ವರ್ಷ, ನೀವು ಆದೋನಿ ಬಿಡಂಗಿಲ್ಲ."

ಹೊರಗೆ ಸಿದ್ದಲಿಂಗೇಶ ಜಂಬಯ್ಯನ ಹೆಗಲ ಮೇಲೆ ಕೈ ಹಾಕಿದ. ಅವನ ಮುಖ ಆಗಲೇ ತಿಳಿಯಾಗಿತ್ತು.

"ಕರ್ನೂಲಿಗೆ, ನಿಮ್ಮ ಮನೆಯವರಿಗೆ ಈಗಷ್ಟೇ ಫೋನ್ ಮಾಡಿದೆ ರೀ. ಅವರ ಮನಿ ಮೇಲಿನ ಪೋರ್ಷನ್ ಖಾಲಿ ಐತಂತ, ನಮಗ ಕೊಡಿಸ್ತಾರಂತ. ಶನಿವಾರ ನೀವು ಬಂದಾಗ ಮ್ಯಾಲೆ ಬರ್ರಿ, ಬಿಸಿ ರೊಟ್ಟಿ ತಿನ್ನೋಣು."