ಕುಬಸದ ದಿನ ಸರ್ವರ್ ಮರೆತ ಮೂರು ಊರು

ಕೆಲಸ ಮುಗಿಯುವುದಕ್ಕಿಂತ ಸ್ವಲ್ಪ ಮೊದಲೇ ‘ಮುಗೀತು’ ಎಂದು ಹೇಳಿಬಿಡುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ನನ್ನ ಹೆಂಡತಿ ಶೈಲಾ ಇದನ್ನು ಸುಳ್ಳು ಎನ್ನುತ್ತಾಳೆ. ನಾನು ಆತ್ಮವಿಶ್ವಾಸ ಎನ್ನುತ್ತೇನೆ. ಸಾಲೆಯಲ್ಲಿ ಕೊನೆಯ ಲೆಕ್ಕ ಬಾಕಿ ಇರುವಾಗಲೇ ಪಾಟಿ ಮಗುಚಿಟ್ಟು ಎದ್ದು ನಿಲ್ಲುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ಗೋಡೆಗೊಂದು ಹಲಗೆ ಬಡಿದೆ. ಕೊನೆಯ ಎರಡು ಮೊಳೆಗಳನ್ನು ನಾಳೆ ಹೊಡೆದರಾಯಿತೆಂದು ಬಿಟ್ಟು, ‘ಮುಗೀತು’ ಎಂದೆ. ಶೈಲಾ ನಂಬಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಳು. ಮುಂದೆ ಏನಾಯಿತೆಂದು ಬೇರೆ ಹೇಳಬೇಕಿಲ್ಲ. ಎರಡು ಸಲ ಸುಣ್ಣ ಬಳಿದರೂ ಆ ಕಲೆ ಹೋಗಲಿಲ್ಲ. ಭರಣಿ ಒಡೆದದ್ದೇನೋ ಮನೆಯೊಳಗಿನ ಮಾತು. ಆದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಇದೇ ಚಟದಿಂದ ಮೂರು ತಾಲೂಕಿನ ಮೂವತ್ತು ಹುಡುಗಿಯರ ಪರೀಕ್ಷೆ ಹಾಳಾಗುವುದರಲ್ಲಿತ್ತು. ಅದನ್ನು ನೆನೆದರೆ ಈಗಲೂ ಕುತ್ತಿಗೆಯ ಹಿಂದೆ ಬೆವರು ಮೂಡುತ್ತದೆ.

ಆಗ ನಾನು ಬಸವನ ಬಾಗೇವಾಡಿಯಲ್ಲಿ ಹೆಣ್ಣುಮಕ್ಕಳಿಗೆಂದೇ ಇದ್ದ ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆಯ ಮಾಸ್ತರ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿ ಅದರ ಶಾಖೆಗಳಿದ್ದವು. ಪ್ರತಿ ಊರಲ್ಲೂ ಹತ್ತು ಕಂಪ್ಯೂಟರು, ಅವನ್ನೆಲ್ಲ ಸಾಕುವುದಕ್ಕೆ ಒಂದು ಸರ್ವರು. ಆ ವರ್ಷದ ಪ್ರಾಯೋಗಿಕ ಪರೀಕ್ಷೆ ನಾಲ್ಕೂ ಊರಿನವರಿಗೆ ಬಾಗೇವಾಡಿಯಲ್ಲೇ ನಡೆಯಬೇಕೆಂದು ಆದೇಶ ಬಂತು. ಮೂರೂ ಊರಿನ ಸರ್ವರುಗಳು ಆ ಹೊತ್ತಿಗೆ ಒಂದೊಂದು ರೋಗ ಹಿಡಿದು ಮಲಗಿದ್ದವು. ಸಿಂದಗಿಯದರ ಹೊಟ್ಟೆಯಲ್ಲಂತೂ ಇಲಿ ಮರಿ ಹಾಕಿತ್ತು. ಹಾಗಾಗಿ ಕಂಪ್ಯೂಟರುಗಳನ್ನಷ್ಟೇ ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮ ದೊಡ್ಡ ಕೋಣೆಯಲ್ಲಿ ಊರಿಗೊಂದರಂತೆ ನಾಲ್ಕು ಸಾಲು ಜೋಡಿಸಿದೆವು.

ತೊಡಕು ಇದ್ದದ್ದು ಅಲ್ಲಿಯೇ. ಪ್ರತಿ ಕಂಪ್ಯೂಟರಿಗೂ ತನ್ನ ಊರಿನ ಸರ್ವರಿನ ವಿಳಾಸ ಮಾತ್ರ ಗೊತ್ತು. ಅಂಚೆಯ ವಿಳಾಸವಲ್ಲ, ಚುಕ್ಕಿ ಇಟ್ಟು ಬರೆಯುವ ಅಂಕಿಗಳ ವಿಳಾಸ. ಇಂಡಿಯ ಕಂಪ್ಯೂಟರು ಇಂಡಿಯ ಅಂಕಿಯನ್ನೇ ಕರೆಯುತ್ತದೆ; ಉತ್ತರ ಬರದಿದ್ದರೆ ಸುಮ್ಮನೆ ಕರಿ ಪರದೆ ತೋರಿಸುತ್ತ ಕೂರುತ್ತದೆ. ಮೂವತ್ತು ಕಂಪ್ಯೂಟರುಗಳಲ್ಲಿ ಒಂದೊಂದಾಗಿ ವಿಳಾಸ ಬದಲಿಸುತ್ತ ಕೂತರೆ ಎರಡು ದಿನ ಬೇಕು. ಆದರೆ ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ನಮ್ಮ ಸರ್ವರಿನಲ್ಲಿ ಒಂದು ಅನುಕೂಲವಿದೆ. ಅದಕ್ಕೆ ಒಂದೇ ತಂತಿಯ ಮೇಲೆ ಎಷ್ಟು ವಿಳಾಸ ಬೇಕಾದರೂ ಕೊಡಬಹುದು. ನಾನು ಮೂರು ಸಾಲು ಆಜ್ಞೆ ಹೊಡೆದೆ, ಬಾಗೇವಾಡಿಯ ಸರ್ವರು ಇಂಡಿ, ಸಿಂದಗಿ, ಮುದ್ದೇಬಿಹಾಳದ ಹೆಸರಿಗೂ ‘ಓ’ ಎನ್ನತೊಡಗಿತು. ನಲವತ್ತೂ ಕಂಪ್ಯೂಟರುಗಳು ಒಟ್ಟಿಗೆ ಬೆಳಗಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹೀಗೆ ಹೊಡೆದ ಸಾಲುಗಳು ಸರ್ವರ್ ನಡೆಯುತ್ತಿರುವ ತನಕ ಮಾತ್ರ ಅದರ ನೆನಪಿನಲ್ಲಿರುತ್ತವೆ. ಆರಿಸಿ ಹೊತ್ತಿಸಿದರೆ ಮರೆತುಹೋಗುತ್ತವೆ. ಕಾಯಂ ಉಳಿಯಬೇಕೆಂದರೆ, ಸರ್ವರ್ ಏಳುವಾಗ ಓದುವ ಕಡತದಲ್ಲೂ ಅವನ್ನೇ ಬರೆದಿಡಬೇಕು. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮರುದಿನವೇ ಮುದ್ದೇಬಿಹಾಳದಲ್ಲಿ, ನನ್ನ ಮಾವನವರ ಮನೆಯಲ್ಲಿ, ಬಸುರಿ ಶೈಲಾಳ ಕುಬಸ, ಅಂದರೆ ಸೀಮಂತ. ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಕೇಳಿದರು: “ಎಲ್ಲಾ ಮುಗೀತಲ್ಲೋ? ನಾಳೆ ನೀ ಇರೂದಿಲ್ಲ. ಹೊರಗಿನಿಂದ ಪರೀಕ್ಷಕರು ಬರಾಕತ್ತಾರ.”

“ಮುಗೀತ್ರಿ ಸರ್,” ಎಂದೆ.

ಮರುದಿನ ಬೆಳಿಗ್ಗೆ ಮಾವನವರ ಪಡಸಾಲೆ ತುಂಬ ಬಂಧುಗಳು. ಶೈಲಾ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ನನಗೊಂದು ಮಣೆ. ಹತ್ತೂವರೆಯೊಳಗೆ ಆರತಿ ಆಗಬೇಕೆಂದು ಶೈಲಾಳ ಸೋದರತ್ತೆ ಕಟ್ಟಪ್ಪಣೆ ಮಾಡಿದ್ದರು. ನಾನು ಇನ್ನೇನು ಕೂರಬೇಕು, ಮೂಲೆಯ ಟೇಬಲ್ಲಿನ ಮೇಲಿನ ಫೋನು ಹೊಡೆದುಕೊಂಡಿತು. ಮಾವನವರು ಎತ್ತಿ, “ಅಳಿಯಂದ್ರ, ನಿಮಗ. ಬಾಗೇವಾಡಿಯಿಂದ,” ಎಂದರು.

ಆ ಕಡೆ ನಮ್ಮ ಆಫೀಸಿನ ಟೈಪಿಸ್ಟ್ ಜುಲೇಖಾ ಮೇಡಂ. ಇಪ್ಪತ್ತು ವರ್ಷ ಟೈಪ್‌ರೈಟರ್ ಬಡಿದ ಹೆಂಗಸು. ಭೂಕಂಪವಾದರೂ ದನಿ ಏರಿಸುವವರಲ್ಲ.

“ಸರ್, ಒಂಬತ್ತೂವರೆಕ್ಕ ಕರೆಂಟ್ ಹೋಗಿ ಬಂತ್ರಿ. ಆವಾಗಿಂದ ಬಾಗೇವಾಡಿ ಹುಡುಗೇರ ಕಂಪ್ಯೂಟರ್ ಅಷ್ಟ ನಡ್ಯಾಕತ್ತಾವ್ರಿ. ಉಳದ ಮೂರೂ ಊರಿನೂ ಕರ್ರಗ ಆಗ್ಯಾವ್ರಿ.”

ಕಡತದಲ್ಲಿ ಬರೆಯದೆ ಬಂದ ಮೂರು ಸಾಲು ನೆನಪಾದವು. “ಯುಪಿಎಸ್ ಇತ್ತಲ್ರಿ ಮೇಡಂ?”

“ಇತ್ರಿ. ಪರೀಕ್ಷಕರಿಗೆ ಶೆಕಿ ಆಗಬಾರದಂತ ಪ್ರಿನ್ಸಿಪಾಲರು ಅದಕ್ಕ ಎರಡು ಫ್ಯಾನ್ ಹಚ್ಚಿಸಿದ್ರು. ಅದೂ ಕುಂತ್‌ಬಿಡ್ತ್ರಿ.”

ಅಲ್ಲಿಯ ಸ್ಥಿತಿಯನ್ನು ಅವರು ಮೆತ್ತಗೆ ವಿವರಿಸಿದರು. ಬಾಗೇವಾಡಿಯ ಹುಡುಗಿಯರಿಗೆ ಮಾತ್ರ ಕಂಪ್ಯೂಟರ್ ಸರಿಯಿಟ್ಟು ಉಳಿದವರಿಗೆ ಬೇಕಂತಲೇ ಕೆಡಿಸಿದ್ದಾರೆಂದು ಇಂಡಿಯ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ಸಿಂದಗಿಯಿಂದ ಬಂದ ಇಬ್ಬರು ತಂದೆಯರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಒಬ್ಬ ಹುಡುಗಿ ಅಳುತ್ತಿದ್ದಳು. ಹನ್ನೊಂದಕ್ಕೆ ಶುರುವಾಗದಿದ್ದರೆ ಆ ಮೂವತ್ತು ಜನರನ್ನು ಗೈರುಹಾಜರೆಂದು ಬರೆದು ಹೋಗುವುದಾಗಿ ಪರೀಕ್ಷಕರು ತಿಳಿಸಿದ್ದರು. ಮತ್ತೆ ಪರೀಕ್ಷೆ ಆರು ತಿಂಗಳ ಮೇಲೆ. ಅಷ್ಟರೊಳಗೆ ಅವರಲ್ಲಿ ಎಷ್ಟು ಜನರ ಮದುವೆ ಮಾಡಿ ಕಳಿಸುತ್ತಾರೆ, ಎಷ್ಟು ಜನ ಮತ್ತೆ ಬಂದು ಕೂರುತ್ತಾರೆ ಎಂಬುದು ಆ ಊರುಗಳಲ್ಲಿ ಪಾಠ ಹೇಳಿದ ನನಗೆ ಗೊತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು. ಬಸ್ಸಿನಲ್ಲಿ ಹೋಗಿ ತಲುಪುವ ಮಾತೇ ಇಲ್ಲ. ಅಲ್ಲಿದ್ದ ಇನ್ನೊಬ್ಬ ಮಾಸ್ತರ ಯುನಿಕ್ಸಿನ ಕರಿ ಪರದೆ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುವವನು. “ಮೇಡಂ, ನೀವ ಹೊಡೀಬೇಕಾಗ್ತದ,” ಎಂದೆ.

“ಹೇಳ್ರಿ ಸರ್. ಬರಕೊಂಡು ಹೋಗಿ ಹೊಡದು ಬರ್ತೇನಿ. ಫೋನ್ ಇಡಬ್ಯಾಡ್ರಿ.”

ಮೊದಲು ಸರ್ವರಿನೊಳಗೆ ಹೋಗಲು ಗುಪ್ತಪದ ಬೇಕು. ಆಗ ನೆನಪಾಯಿತು ನನಗೆ, ಅದು ಏನೆಂದು. ಹಿಂದಿನ ದೀಪಾವಳಿಯಲ್ಲಿ ಮಾವನವರ ಜೊತೆ ಒಂದು ಸಣ್ಣ ಜಗಳವಾಗಿತ್ತು. ಅವರು ಮೂವತ್ತು ವರ್ಷ ಮುದ್ದೇಬಿಹಾಳದ ಕೋರ್ಟಿನ ಎದುರು ಬೇವಿನ ಗಿಡದ ಕೆಳಗೆ ಕೂತು ಇಂಗ್ಲಿಷ್ ಅರ್ಜಿಗಳನ್ನು ಟೈಪು ಮಾಡಿ ಸಂಸಾರ ನಡೆಸಿದವರು. ಆ ಮಷೀನನ್ನು ಪಡಸಾಲೆಯಲ್ಲಿ ಹೊದಿಕೆ ಹೊದಿಸಿ ಇಟ್ಟಿದ್ದರು. “ಮಾವಾರ, ಇನ್ನ ಇದನ್ನ ಗುಜರಿಗೆ ಹಾಕ್ರಿ,” ಎಂದು ನಾನು ಅಂದಿದ್ದೆ. ಅವರು ಎರಡು ದಿನ ಮಾತಾಡಲಿಲ್ಲ. ನಾನು ಸಿಟ್ಟಿನಲ್ಲಿ ಊರಿಗೆ ಹೋಗಿ ಸರ್ವರಿಗೆ ಹೊಸ ಗುಪ್ತಪದ ಇಟ್ಟಿದ್ದೆ: ‘ಮುದ್ದೇಬಿಹಾಳಬೇಡ’. ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗವಿಲ್ಲದೆ.

ಬೇರೆ ದಾರಿ ಇರಲಿಲ್ಲ. ಲೈನು ಕರಕರ ಎನ್ನುತ್ತಿದ್ದುದರಿಂದ ಗಟ್ಟಿಯಾಗಿಯೇ ಹೇಳಬೇಕಾಯಿತು. “ಎಂ. ಯು. ಡಿ, ಡಬ್ಬಿಯ ಡಿ. ಇನ್ನೊಂದು ಡಿ. ಇ...” ಸೋದರತ್ತೆಗೆ ಏನೂ ತಿಳಿಯಲಿಲ್ಲ. ಆದರೆ ಕುರ್ಚಿಯಲ್ಲಿ ಕೂತಿದ್ದ ಮಾವನವರ ಬೆರಳುಗಳು ತೊಡೆಯ ಮೇಲೆ ಕುಣಿಯುತ್ತಿದ್ದವು. ನಾನು ಹೇಳಿದ ಒಂದೊಂದು ಅಕ್ಷರವನ್ನೂ ಅವರು ಧೋತರದ ಮೇಲೆ ಟೈಪು ಮಾಡುತ್ತಿದ್ದರು. ಅದು ಅವರ ಕೈಯ ಅಭ್ಯಾಸ. ಕೊನೆಯ ನಾಲ್ಕಕ್ಷರಕ್ಕೆ ಬಂದಾಗ ಬೆರಳುಗಳು ನಿಂತವು. ತಲೆ ಎತ್ತಿ ನನ್ನನ್ನೇ ನೋಡಿದರು.  

ಜುಲೇಖಾ ಮೇಡಂ ಹೋಗಿ ಓಡುತ್ತ ಬಂದರು. “ಸರ್, ಹೊಡದ್ರ ಪರದಿ ಮ್ಯಾಲೆ ಒಂದಕ್ಷರನೂ ಮೂಡವಲ್ದ್ರಿ. ರಿಬ್ಬನ್ ಒಣಗಿದಂಗ ಆಗೇತಿ.”

“ಗುಪ್ತಪದ ಕಾಣಸೂದಿಲ್ರಿ ಮೇಡಂ. ಹಂಗ ಇರ್ತೈತಿ. ಹೊಡದು ಎಂಟರ್ ಒತ್ರಿ.”

ಮತ್ತೆ ಹೋದರು, ಬಂದರು. ಒಳಗೆ ಹೋಗಿದ್ದಾಯಿತು. ಈಗ ಮುಖ್ಯವಾದ ಆಜ್ಞೆ. “ಐ, ಇಂಡಿಯ ಐ. ಎಫ್...” ಎಸ್ಸೋ ಎಫ್ಫೋ ಎಂದು ಕೇಳಿದರು. “ಎಫ್‌ರಿ, ಫರಾಳದ ಎಫ್! ಸಿ. ಓ. ಎನ್, ನಾಲತವಾಡದ ಎನ್. ಮತ್ತ ಎಫ್, ಫರಾಳ! ಫರಾಳ!”

ಅಡುಗೆಮನೆಯಿಂದ ಅತ್ತೆಯವರು ಅವಲಕ್ಕಿ, ಕರದಂಟು, ಶೇಂಗಾದ ಉಂಡಿ ತುಂಬಿದ ಫರಾಳದ ತಾಟು ಹಿಡಿದು ಬಂದೇಬಿಟ್ಟರು. “ಪಾಪ, ಹಸದಾರ. ಆರತಿ ಮುಂಚೆ ತಿನಬಾರದು, ಆದ್ರ ಎಷ್ಟ್ ಸರ್ತಿ ಕೇಳತಾರ!” ಸೋದರತ್ತೆ ಹಣೆ ಚಚ್ಚಿಕೊಂಡರು. ನಾನು ಒಂದು ಕೈಯಲ್ಲಿ ತಾಟು, ಒಂದು ಕೈಯಲ್ಲಿ ಫೋನು ಹಿಡಿದು ವಿಳಾಸದ ಅಂಕಿಗಳನ್ನು ಹೇಳಿದೆ. “ಒಂದು, ಒಂಬತ್ತು, ಎರಡು, ಚುಕ್ಕಿ. ಒಂದು, ಆರು, ಎಂಟು, ಚುಕ್ಕಿ...” ಹೀಗೆ ಮೂರು ಊರಿನ ಮೂರು ಸಾಲು.

ಮೇಡಂ ಹೋದರು. ನಾನು ಫೋನಿಗೆ ಕಿವಿಯೊತ್ತಿ ನಿಂತೆ. ದೂರದಲ್ಲಿ ಹುಡುಗಿಯರ ಗದ್ದಲ, ಯಾರೋ ಗಂಡಸಿನ ಏರುದನಿ ಕೇಳುತ್ತಿತ್ತು. ಹತ್ತೂವರೆ ದಾಟಿತು. ಸೋದರತ್ತೆಯ ಕೈಯಲ್ಲಿ ಆರತಿಯ ಬತ್ತಿ ಉರಿಯುತ್ತಿತ್ತು. ಆಗ ಶೈಲಾ ಮಣೆಯ ಮೇಲಿಂದಲೇ, “ಅದರ ವಯರ್ ಇಲ್ಲೀತನಕ ಬರ್ತೈತೇನ್ ನೋಡ್ರಿ,” ಎಂದಳು. ಫೋನಿನ ವಯರು ಬಂತು. ನಾನು ಹೆಂಡತಿಯ ಪಕ್ಕ ಕೂತು, ಒಂದು ಕಿವಿಗೆ ಫೋನು ಹಚ್ಚಿಕೊಂಡೇ ಆರತಿ ಮಾಡಿಸಿಕೊಂಡೆ. ಸೋದರತ್ತೆ ಅರಿಸಿನ ಹಚ್ಚಿದ್ದು ನನ್ನ ಕೆನ್ನೆಗೋ ಫೋನಿಗೋ ಅವರಿಗೇ ಗೊತ್ತಾಗಲಿಲ್ಲ.

“ಸರ್,” ಎಂದರು ಮೇಡಂ ಏದುಸಿರು ಬಿಡುತ್ತ. “‘ಅನ್ನೋನ್ ಹೋಸ್ಟ್’ ಅಂತ ಬರಾಕತ್ತೈತ್ರಿ. ಯಜಮಾನ ಯಾರಂತ ಗೊತ್ತಿಲ್ಲ ಅಂತೈತೇನ್ರಿ?”

ಅಂಕಿಯ ವಿಳಾಸ ಕೊಟ್ಟರೆ ಸರ್ವರು ಯಾರನ್ನೂ ಹುಡುಕಬೇಕಾಗಿಲ್ಲ. ಅದು ಅಂಕಿಯೆಂದು ಅದಕ್ಕೆ ಅನಿಸದಿದ್ದರೆ ಮಾತ್ರ ಹೀಗೆ ಕೇಳುತ್ತದೆ. ಬರೆದುಕೊಂಡದ್ದನ್ನು ಓದಿಸಿದೆ. ಎಲ್ಲ ಸರಿಯಾಗಿತ್ತು. ಮತ್ತೆ ಹೊಡೆಯಲು ಹೇಳಿದೆ. ಮತ್ತೆ ಅದೇ ಉತ್ತರ. ಹತ್ತೂಮುಕ್ಕಾಲು. “ನೋಡ್ಕೊಂಡು ಹೊಡೀರಿ ಮೇಡಂ!” ಎಂದು ಕಿರುಚಿದೆ.

“ಸರ್, ಇಪ್ಪತ್ತು ವರ್ಷದಾಗ ನಾ ಒಂದು ಪತ್ರದಾಗ ಒಂದು ತಪ್ಪು ಹೊಡದಿಲ್ರಿ,” ಎಂದರು ಅವರು. ಮೊದಲ ಸಲ ಅವರ ದನಿ ನಡುಗಿತು. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಪರದೆ ಬೆಳಗುವುದಿಲ್ಲ. ನನಗೆ ಬಂದ ವಿದ್ಯೆಯೆಲ್ಲ ಅಲ್ಲಿಗೆ ಮುಗಿದಿತ್ತು. ಅರಿಸಿನದ ಕೆನ್ನೆ ಹೊತ್ತು ಗಡಿಯಾರ ನೋಡುತ್ತ ಕೂತೆ.

ಮಾವನವರು ಕುರ್ಚಿಯಿಂದ ಎದ್ದು ಬಂದರು. “ಆಕಿ ಟೈಪ್‌ರೈಟರ್ ಮ್ಯಾಲೆ ಕಲತಾಕೀನೇನು?”

“ಹೌದ್ರಿ.”

“ಹಳೇ ಮಷೀನೋ?”

“ನಿಮ್ಮಂಥಾದ್ದ ರೀ.”

“ಮತ್ತ ಕೇಳ್ರಿ ಆಕಿಗೆ, ಒಂದು ಎಲ್ಲಿ ಹೊಡದ್ಲು ಅಂತ. ನಮ್ಮ ಮಷೀನದಾಗ ಒಂದನೇ ಅಂಕಿನ ಇರೂದಿಲ್ಲ ಅಳಿಯಂದ್ರ. ಸಣ್ಣ ಎಲ್ ಅಕ್ಷರಾನ ಒಂದು ಅಂತ ಹೊಡೀತೇವಿ. ಕಾಗದದ ಮ್ಯಾಲೆ ಎರಡೂ ಒಂದ ಥರಾ ಕಾಣ್ತಾವು.”

ನಾನು ಫೋನಿನಲ್ಲಿ ಕೇಳಿದೆ.  “ಅಯ್ಯ! ಬೆರಳು ತಾವ ಅಲ್ಲಿಗೆ ಹೋಗಿಬಿಟ್ಟಾವ್ರಿ ಸರ್!” ಎಂದವರು ಫೋನನ್ನು ಟೇಬಲ್ಲಿನ ಮೇಲೆ ಹಾಕಿ ಓಡಿದ ಸಪ್ಪಳ ಕೇಳಿತು.

ಆಮೇಲಿನ ಐದು ನಿಮಿಷ ಫೋನನ್ನು ಕಿವಿಗೊತ್ತಿಕೊಂಡೇ ಇದ್ದೆ. ಶೈಲಾ ನನ್ನ ಮುಂಗೈ ಹಿಡಿದು ಕೂತಿದ್ದಳು. ಹೆರಿಗೆ ನನ್ನದೇ ಎಂಬಂತಿತ್ತು. ಮೊದಲು ಫೋನಿನೊಳಗಿಂದ ಒಂದು ‘ಹೋ’ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದರ ಹಿಂದೆಯೇ ಮೂರನೆಯದು. ಇಂಡಿ, ಸಿಂದಗಿ, ಮುದ್ದೇಬಿಹಾಳ. ಮೂರೂ ಸಾಲು ಎದ್ದಿದ್ದವು. ನಮ್ಮ ಪಡಸಾಲೆಯ ಹೆಂಗಸರಿಗೂ ಏನು ಕೇಳಿಸಿತೋ, ಅವರೂ ‘ಹೋ’ ಎಂದರು.

ಮಾವನವರು ಮರಳಿ ಕುರ್ಚಿಯಲ್ಲಿ ಕೂತು ಮೆಲ್ಲಗೆ ಹೇಳಿದರು: “ಮುದ್ದೇಬಿಹಾಳ ಬ್ಯಾಡ ಅಂದ್ರ ಹ್ಯಾಂಗ ನಡೀತೈತಿ ಅಳಿಯಂದ್ರ?” ನಾನು ತಾಟಿನಲ್ಲಿದ್ದ ಶೇಂಗಾದ ಉಂಡಿಯನ್ನು ಬಾಯಿಗೆ ಹಾಕಿಕೊಂಡೆ. 

ಊಟಕ್ಕೆ ಕೂತಾಗ ನೆನಪಾಯಿತು, ಆ ಸಾಲುಗಳು ಇನ್ನೂ ಕಡತದಲ್ಲಿಲ್ಲ. ಇನ್ನೊಮ್ಮೆ ಕರೆಂಟು ಹೋದರೆ? ಹೋಳಿಗೆ ಬಿಟ್ಟು ಎದ್ದು ನಾನೇ ಫೋನು ಮಾಡಿದೆ. “ಹೋಗಿತ್ರಿ ಸರ್, ಹನ್ನೆರಡಕ್ಕ,” ಎಂದರು ಜುಲೇಖಾ ಮೇಡಂ, ಹಾಲಿನವನು ಬಂದುಹೋದ ಎಂದಷ್ಟೇ ಸಲೀಸಾಗಿ. “ನಾನ ಹೊಡದೆ. ಎರಡು ನಿಮಿಷ ಹಿಡೀತು. ನೀವು ಊಟಾ ಮಾಡ್ರಿ.” ಮೂವತ್ತು ಹುಡುಗಿಯರೂ ಪರೀಕ್ಷೆ ಬರೆದು, ಅವರವರ ಟೆಂಪೋ, ಬಸ್ಸು ಹಿಡಿದು ಹೋದರು. ಪರೀಕ್ಷಕರು ಚಹಾ ಕುಡಿಯುತ್ತ, ‘ನಿಮ್ಮ ಕಂಪ್ಯೂಟರ್ ಮೇಡಂ ಬಹಳ ಚುರುಕು’ ಎಂದು ಹೊಗಳಿ ಹೋದರಂತೆ.

ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ, ಯಾರೂ ನೋಡುವ ಮುನ್ನ ಆ ಮೂರು ಸಾಲುಗಳನ್ನು ಕಡತದಲ್ಲಿ ಬರೆಯಬೇಕೆಂದು ಬೀಗ ತೆಗೆದೆ. ಸರ್ವರಿನ ಪಕ್ಕದ ಗೋಡೆಗೆ ಟೈಪು ಮಾಡಿದ ಒಂದು ಹಾಳೆ ಅಂಟಿಸಿತ್ತು. ಅಚ್ಚುಕಟ್ಟಾದ ಅಂಚು, ತಪ್ಪಿಲ್ಲದ ಅಕ್ಷರ. ಮೇಲೆ ‘ಕರೆಂಟು ಹೋಗಿ ಬಂದಾಗ ಮಾಡಬೇಕಾದುದು’ ಎಂಬ ತಲೆಬರಹ, ಕೆಳಗೆ ಮೂರೂ ಊರಿನ ಆಜ್ಞೆಗಳು. ಕೊನೆಯಲ್ಲಿ ಹೀಗಿತ್ತು: ‘ಇಷ್ಟರ ಮೇಲೂ ಆಗದಿದ್ದರೆ ಮಾತ್ರ ಸರ್ ಅವರಿಗೆ ತಿಳಿಸುವುದು.’

‘ಮಾತ್ರ’ದ ಕೆಳಗೆ ಎರಡು ಗೆರೆ ಎಳೆದಿತ್ತು. ನಾನು ಕಡತದಲ್ಲಿ ಬರೆಯಬೇಕಾದ್ದನ್ನು ಬರೆದೆ. ಈ ಸಲ ಮೂರು ಬಾರಿ ಸರ್ವರನ್ನು ಆರಿಸಿ ಹೊತ್ತಿಸಿ ನೋಡಿದೆ. ಇನ್ನು ಆ ಹಾಳೆಯ ಅಗತ್ಯವಿರಲಿಲ್ಲ. ಕಿತ್ತುಹಾಕಲು ಕೈ ಚಾಚಿದೆ, ಆದರೆ ಕೀಳಲಿಲ್ಲ. ಸೇವೆಯಲ್ಲಿದ್ದಷ್ಟೂ ವರ್ಷ ನನ್ನ ಕೆಲಸದ ಬಗ್ಗೆ ಮೇಲಿನವರು ಬರೆದ ಗೋಪ್ಯ ವರದಿಗಳಲ್ಲಿ ‘ತೃಪ್ತಿಕರ’ ಎಂದೇ ಬರೆದಿರುತ್ತಿತ್ತು. ಸರಿಯಾಗಿ ಬರೆದವರು ಆ ಹಾಳೆ ಟೈಪು ಮಾಡಿದ ಜುಲೇಖಾ ಮೇಡಂ ಒಬ್ಬರೇ.